ಬೆಂಕಿಯ ಬೆಳಕಿನಲ್ಲಿ ಊರನ್ನು ಉಳಿಸಿದವರು

ಮಕ್ಕಳೇ, ಸುನಾಮಿ ಎಂಬ ಮಾತನ್ನು ನೀವು ಕೇಳಿದ್ದೀರಲ್ಲವೆ? 2004ರ ಡಿಸೆಂಬರ್ 26ರಂದು ತಮಿಳುನಾಡು, ಕೇರಳ, ಆಂಧ್ರಪ್ರದೇಶಗಳ ಕಡಲತೀರಕ್ಕೆ ಅಪ್ಪಳಿಸಿದ ದೊಡ್ಡ ಅಲೆಗಳೇ ಸುನಾಮಿ. ಇದು ಜಪಾನಿ ಭಾಷೆಯ ಪದ. ಆ ದೇಶದಲ್ಲಿ ತಮ್ಮ ಊರಿನವರನ್ನು ಸುನಾಮಿಯಿಂದ ಕಾಪಾಡಿದ ಮಹನೀಯರೊಬ್ಬರ ಜೀವನವನ್ನು ತಿಳಿಯೋಣ ಬನ್ನಿ.

ಹಮಗುಚಿ ಗೊರ್ಯೋ ಅವರು 1820ರಲ್ಲಿ ಹಿರೊ ಎಂಬ ಹಳ್ಳಿಯಲ್ಲಿ ಜನಿಸಿದರು. ಅವರದು ಸೋಯಾ ಸಾಸ್ ತಯಾರಿಸಿ ಮಾರುವ ಶ್ರೀಮಂತ ಮನೆತನ. 1852ರಲ್ಲಿ ಅವರು ಇತರರೊಡನೆ ಸೇರಿ ಊರಿನ ತರುಣರಿಗಾಗಿ ಶಾಲೆಯೊಂದನ್ನು ತೆರೆದರು.

1854ರ ಡಿಸೆಂಬರ್ 24. ಸಂಜೆಯ ಹೊತ್ತಿಗೆ ಭೂಮಿ ನಡುಗಿತು. ಸಮುದ್ರವು ಉಕ್ಕಿ ಊರಿಗೆ ನುಗ್ಗಿತು. ಗೊರ್ಯೋ ಅವರೂ ನೀರಿಗೆ ಸಿಕ್ಕಿ ಕಷ್ಟದಿಂದ ಪಾರಾದರು. ಅಷ್ಟರಲ್ಲಿ ಕತ್ತಲೆ ಕವಿಯಿತು. ಎತ್ತರದಲ್ಲಿದ್ದ ದೇವಾಲಯಕ್ಕೆ ಹೋಗಲು ಜನರಿಗೆ ದಾರಿ ಕಾಣದಾಯಿತು. ಆಗ ಅವರೇನು ಮಾಡಿದರು ಗೊತ್ತೆ? ದಾರಿಯ ಪಕ್ಕದ ಗದ್ದೆಗಳಲ್ಲಿದ್ದ ಹುಲ್ಲಿನ ಬಣವೆಗಳಿಗೆ ಬೆಂಕಿ ಹಚ್ಚಿಸಿದರು. ಆ ಬೆಳಕನ್ನು ನೋಡುತ್ತ ಬಂದ ಅನೇಕರು ಬದುಕಿಕೊಂಡರು.

ಅಲೆ ಇಳಿಯಿತು. ಆದರೆ ಮನೆ, ದೋಣಿಗಳನ್ನು ಕಳೆದುಕೊಂಡವರು ಊರು ಬಿಡಲು ಹೊರಟರು. ಗೊರ್ಯೋ ಅವರು ತಮ್ಮ ಸ್ವಂತ ಹಣದಿಂದ ಕಡಲ ದಂಡೆಯಲ್ಲಿ ದೊಡ್ಡ ಒಡ್ಡನ್ನು ಕಟ್ಟಿಸತೊಡಗಿದರು. ಊರಿನವರಿಗೇ ಕೆಲಸ ಕೊಟ್ಟು ಕೂಲಿ ನೀಡಿದರು. ಸುಮಾರು ನಾಲ್ಕು ವರ್ಷಗಳಲ್ಲಿ 5 ಮೀಟರ್ ಎತ್ತರದ, 600 ಮೀಟರ್ ಉದ್ದದ ಒಡ್ಡು ಸಿದ್ಧವಾಯಿತು. ಅದರ ಬದಿಯಲ್ಲಿ ಪೈನ್ ಮರಗಳನ್ನು ನೆಡಿಸಿದರು. 1885ರಲ್ಲಿ ಅಮೆರಿಕದ ಪ್ರವಾಸದಲ್ಲಿದ್ದಾಗ ಅವರು ತೀರಿಕೊಂಡರು. 1946ರಲ್ಲಿ ಮತ್ತೆ ಸುನಾಮಿ ಬಂದಿತು. ಆಗ ಆ ಒಡ್ಡು ಊರಿನ ಹೆಚ್ಚಿನ ಭಾಗವನ್ನು ಕಾಪಾಡಿತು.

1854ರ ಸುನಾಮಿಗೆ ಕಾರಣವೇನು? ಇಂದಿನ ವಿಜ್ಞಾನಿಗಳು ಇದನ್ನು ಕಂಪ್ಯೂಟರಿನ ಸಹಾಯದಿಂದ ಹುಡುಕುತ್ತಾರೆ. ಸಮುದ್ರದ ಆಳ ಎಷ್ಟು, ಅದರ ತಳ ಎಲ್ಲಿ ಎಷ್ಟು ಸರಿದಿರಬಹುದು ಎಂಬ ಲೆಕ್ಕವನ್ನು ಕಂಪ್ಯೂಟರಿಗೆ ಕೊಡುತ್ತಾರೆ. ಅದು ಅಲೆ ಎಲ್ಲಿಗೆ, ಎಷ್ಟು ಎತ್ತರಕ್ಕೆ ಬರುತ್ತದೆಂದು ಲೆಕ್ಕ ಹಾಕುತ್ತದೆ. ಹಿಂದಿನವರು ಬರೆದಿಟ್ಟ ನೀರಿನ ಎತ್ತರಕ್ಕೂ ಇದಕ್ಕೂ ಹೊಂದುತ್ತದೆಯೇ ಎಂದು ನೋಡುತ್ತಾರೆ. ಹೊಂದದಿದ್ದರೆ ಲೆಕ್ಕ ಬದಲಿಸಿ ಮತ್ತೆ ಪರೀಕ್ಷಿಸುತ್ತಾರೆ. ಜಪಾನಿನ ದಕ್ಷಿಣದ ಕಡಲ ತಳದಲ್ಲಿ ಭೂಮಿಯ ಒಂದು ಫಲಕವು ಇನ್ನೊಂದರ ಕೆಳಗೆ ಜಾರುತ್ತದೆ. ಅಲ್ಲಿ ತಳ ಹಠಾತ್ತನೆ ಸರಿದುದೇ ಆ ಸುನಾಮಿಗೆ ಕಾರಣ.

ನೋಡಿದಿರಾ ಮಕ್ಕಳೇ, ಹಿರಿಯರು ಬರೆದಿಟ್ಟ ಸಂಗತಿಗಳು ಇಂದಿಗೂ ಉಪಯೋಗಕ್ಕೆ ಬರುತ್ತವೆ. ಜಪಾನಿನ ಹಳೆಯ ಪಂಚಾಂಗದಂತೆ ಆ ಘಟನೆ ನಡೆದದ್ದು ಹನ್ನೊಂದನೆಯ ತಿಂಗಳ ಐದನೆಯ ದಿನ. ಅದರ ನೆನಪಿಗಾಗಿ ವಿಶ್ವಸಂಸ್ಥೆಯು 2015ರಲ್ಲಿ ನವೆಂಬರ್ 5ನ್ನು ವಿಶ್ವ ಸುನಾಮಿ ಜಾಗೃತಿ ದಿನವೆಂದು ಸಾರಿತು. ಕಡಲತೀರದಲ್ಲಿ ಭೂಮಿ ನಡುಗಿದರೆ ತಡಮಾಡದೆ ಎತ್ತರದ ಸ್ಥಳಕ್ಕೆ ಹೋಗಬೇಕೆಂಬುದನ್ನು ನೀವೂ ಮರೆಯಬೇಡಿ.