ಮರ್ಕೇಟರ್ ಮೋಸ ಮಾಡಿದನೇ? ಶಾಲೆಯ ಗೋಡೆಯ ಭೂಪಟದ ಹಿಂದಿನ ಕತೆ

ಶಾಲೆಯ ಗೋಡೆಗೆ ತೂಗುಹಾಕಿದ ಪ್ರಪಂಚದ ಭೂಪಟದ ಮುಂದೆ ಒಂದು ಮಗುವನ್ನು ನಿಲ್ಲಿಸಿ, ಗ್ರೀನ್‌ಲ್ಯಾಂಡ್ ದೊಡ್ಡದೋ ಆಫ್ರಿಕ ದೊಡ್ಡದೋ ಎಂದು ಕೇಳಿ ನೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಎಂದು ಮಗು ಹೇಳಿದರೆ ಗದರಬೇಡಿ. ಅನೇಕ ಭೂಪಟಗಳಲ್ಲಿ ಅವು ಕಾಣುವುದೇ ಹಾಗೆ. ನಿಜದಲ್ಲಿ ಗ್ರೀನ್‌ಲ್ಯಾಂಡಿನ ವಿಸ್ತೀರ್ಣ ಸುಮಾರು 21.7 ಲಕ್ಷ ಚದರ ಕಿಲೋಮೀಟರ್, ಆಫ್ರಿಕದ್ದು ಸುಮಾರು 3 ಕೋಟಿ. ಹದಿನಾಲ್ಕು ಗ್ರೀನ್‌ಲ್ಯಾಂಡ್‌ಗಳು ಸೇರಿದರೆ ಒಂದು ಆಫ್ರಿಕ. ನಮ್ಮ ಭಾರತವೇ ಗ್ರೀನ್‌ಲ್ಯಾಂಡಿಗಿಂತ ಒಂದೂವರೆ ಪಟ್ಟು ದೊಡ್ಡದು!

ಈ ವಿಷಯ ಗೊತ್ತಾದ ಕೂಡಲೇ ಒಬ್ಬ ಅಪರಾಧಿಯನ್ನು ಹುಡುಕುವುದು ನಮ್ಮ ಅಭ್ಯಾಸ. ಯುರೋಪನ್ನು ದೊಡ್ಡದಾಗಿ ತೋರಿಸಿ ಬಡ ದೇಶಗಳನ್ನು ಕುಗ್ಗಿಸಲೆಂದೇ ಮರ್ಕೇಟರ್ ಎಂಬಾತ ಈ ಭೂಪಟ ಬರೆದ ಎಂಬ ಮಾತು ಸಾಮಾಜಿಕ ಜಾಲತಾಣಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದು ಎಷ್ಟು ನಿಜ? ಉತ್ತರಕ್ಕಾಗಿ ಆ ಮನುಷ್ಯನ ಬದುಕನ್ನೇ ಒಮ್ಮೆ ನೋಡೋಣ.

ಗೆರಾರ್ಡಸ್ ಮರ್ಕೇಟರ್ ಹುಟ್ಟಿದ್ದು 1512ರ ಮಾರ್ಚ್ 5ರಂದು, ಇಂದಿನ ಬೆಲ್ಜಿಯಂನಲ್ಲಿರುವ ರೂಪೆಲ್‌ಮಾಂಡ್ ಎಂಬ ಸಣ್ಣ ಊರಿನಲ್ಲಿ. ತಂದೆ ಚಪ್ಪಲಿ ಹೊಲಿಯುತ್ತಿದ್ದವರು. ಮನೆತನದ ಹೆಸರು ಕ್ರೆಮರ್, ಅಂದರೆ ವ್ಯಾಪಾರಿ. ಅದನ್ನೇ ಲ್ಯಾಟಿನ್‌ಗೆ ತಿರುಗಿಸಿದರೆ ಮರ್ಕೇಟರ್. ತಂದೆ ಬೇಗ ತೀರಿಕೊಂಡರು. ಓದಿಸಿದ್ದು ಪಾದ್ರಿಯಾಗಿದ್ದ ಬಂಧು ಗಿಸ್ಬರ್ಟ್. 1530ರಲ್ಲಿ ಲೂವೆನ್ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವನ ಹೆಸರು ಬಡ ವಿದ್ಯಾರ್ಥಿಗಳ ಪಟ್ಟಿಯಲ್ಲಿತ್ತು.

ಅಲ್ಲಿ ಗೆಮ್ಮಾ ಫ್ರಿಸಿಯಸ್ ಎಂಬ ಗಣಿತಜ್ಞನ ಬಳಿ ಅವನು ಭೂಗೋಳ ಮತ್ತು ಖಗೋಳ ಕಲಿತ. ಗಣಿತ ಮೊದಮೊದಲು ತಲೆಗೆ ಹತ್ತಲಿಲ್ಲ, ಮನೆಯಲ್ಲಿ ಕೂತು ತಾನೇ ತಿದ್ದಿಕೊಳ್ಳಬೇಕಾಯಿತು. ಗಣಿತಕ್ಕೆ ಹೆದರುವ ಮಕ್ಕಳಿಗೆ ಇದನ್ನು ಹೇಳಬಹುದು. ಕೈ ಮಾತ್ರ ಬಹಳ ನಯ. ತಾಮ್ರದ ತಗಡಿನ ಮೇಲೆ ಅಕ್ಷರ ಕೆತ್ತುವುದರಲ್ಲಿ ಅವನು ಪಳಗಿದವನು. ಓರೆಯಾದ ಇಟಾಲಿಕ್ ಅಕ್ಷರ ಬರೆಯುವ ಬಗೆಯನ್ನು ಕಲಿಸುವ ಪುಸ್ತಕವನ್ನೂ 1540ರಲ್ಲಿ ತಂದ.

ಮುಂದಿನ ವರ್ಷ, 1541ರಲ್ಲಿ, ಅವನೊಂದು ದೊಡ್ಡ ಗ್ಲೋಬ್ ಮಾಡಿದ. ಗ್ಲೋಬ್ ಮಾಡುವ ಕ್ರಮ ಇಲ್ಲಿ ಮುಖ್ಯ. ಮೊದಲು ನಕ್ಷೆಯನ್ನು ಚಪ್ಪಟೆ ಕಾಗದದ ಮೇಲೆ ಅಚ್ಚು ಹಾಕಬೇಕು. ಆದರೆ ಇಡೀ ಹಾಳೆಯನ್ನು ಚೆಂಡಿಗೆ ಸುತ್ತಿದರೆ ಅದು ಸುಕ್ಕಾಗುತ್ತದೆ. ಆದ್ದರಿಂದ ನಕ್ಷೆಯನ್ನು ಕಿತ್ತಳೆ ತೊಳೆಯ ಆಕಾರದ ಹನ್ನೆರಡು ಪಟ್ಟಿಗಳಾಗಿ ಕತ್ತರಿಸಿ ಪಕ್ಕಪಕ್ಕದಲ್ಲಿ ಅಂಟಿಸುತ್ತಿದ್ದರು. ಚಪ್ಪಟೆ ಕಾಗದಕ್ಕೂ ದುಂಡು ಭೂಮಿಗೂ ಹೊಂದಿಕೆ ಆಗುವುದಿಲ್ಲ ಎಂಬುದನ್ನು ಅವನು ಪುಸ್ತಕದಲ್ಲಿ ಓದುವ ಅಗತ್ಯವೇ ಇರಲಿಲ್ಲ, ಅದು ಅವನ ಕೈಗೇ ಗೊತ್ತಿತ್ತು. ಆ ಗ್ಲೋಬಿನ ಮೇಲೆ ಅವನು ಇನ್ನೊಂದು ಹೊಸ ಕೆಲಸ ಮಾಡಿದ: ದಿಕ್ಸೂಚಿಯನ್ನು ಒಂದೇ ಕೋನದಲ್ಲಿ ಹಿಡಿದು ಸಾಗುವ ಹಡಗಿನ ದಾರಿಗಳನ್ನು ಎಳೆದ. ಗೋಳದ ಮೇಲೆ ಇವು ನೇರವಾಗಿರದೆ ಬಳ್ಳಿಯಂತೆ ಸುತ್ತಿಕೊಂಡು ಧ್ರುವದ ಕಡೆಗೆ ಸಾಗುತ್ತವೆ.

ಮೂರು ವರ್ಷಗಳ ನಂತರ ಬದುಕು ಅಡಿಮೇಲಾಯಿತು. ಲೂಥರನ ಮತದತ್ತ ಒಲಿದಿದ್ದಾನೆ ಎಂಬ ಶಂಕೆಯ ಮೇಲೆ 1544ರ ಫೆಬ್ರವರಿಯಲ್ಲಿ ಅವನನ್ನು ಬಂಧಿಸಿ, ಹುಟ್ಟೂರಿನ ಕೋಟೆಯಲ್ಲೇ ಸೆರೆಯಿಟ್ಟರು. ಅದೇ ಪಟ್ಟಿಯಲ್ಲಿದ್ದ ಕೆಲವರಿಗೆ ಮರಣದಂಡನೆಯಾಯಿತು. ಮನೆಯಲ್ಲಿ ಹೆಂಡತಿ ಬಾರ್ಬರಾ, ಚಿಕ್ಕ ಮಕ್ಕಳು. ಏಳು ತಿಂಗಳ ಬಳಿಕ, ಗಟ್ಟಿ ಪುರಾವೆ ಸಿಗದೆ, ಅವನ ಬಿಡುಗಡೆಯಾಯಿತು. 1552ರಲ್ಲಿ ಕುಟುಂಬ ಸಮೇತ ಜರ್ಮನಿಯ ಡೂಯಿಸ್‌ಬರ್ಗ್‌ಗೆ ಹೋಗಿ ನೆಲೆಸಿದ. ಕೊನೆಯವರೆಗೂ ಅದೇ ಅವನ ಊರು.

ಮರ್ಕೇಟರ್ ಶಾಲಾ ಮೇಷ್ಟರೂ ಆಗಿದ್ದ ಎಂಬುದು ಬಹಳ ಮಂದಿಗೆ ತಿಳಿಯದು. ಡೂಯಿಸ್‌ಬರ್ಗ್‌ನಲ್ಲಿ ವಿಶ್ವವಿದ್ಯಾಲಯ ತೆರೆಯುವ ಯೋಜನೆ ಇತ್ತು, ಅದು ಆಗ ಕೈಗೂಡಲಿಲ್ಲ. ಬದಲಿಗೆ 1559ರಲ್ಲಿ ಅಲ್ಲಿ ಪ್ರೌಢಶಾಲೆ ಶುರುವಾದಾಗ, ಅವನು ಮೂರು ವರ್ಷ ಗಣಿತ ಮತ್ತು ಭೂಮಿ-ಆಕಾಶಗಳ ಪಾಠ ಹೇಳಿದ. ಆಮೇಲೆ ಪಾಠ ಮಗ ಬಾರ್ತೊಲೊಮ್ಯೂ ಕೈಗೆ ಬಂತು. ಆ ಪಾಠಗಳ ಆಧಾರದ ಮೇಲೆ ಮಗ 1563ರಲ್ಲಿ ಒಂದು ಚಿಕ್ಕ ಪುಸ್ತಕವನ್ನೇ ಪ್ರಕಟಿಸಿದ. ಹದಿಹರೆಯದ ಹುಡುಗರಿಗೆ ಗೋಳದ ವಿಷಯ ಬಿಡಿಸಿ ಹೇಳಿದ ಈ ವರ್ಷಗಳ ನಂತರವೇ ಆ ಪ್ರಸಿದ್ಧ ಭೂಪಟ ಹುಟ್ಟಿದ್ದು.

1569. ಹದಿನೆಂಟು ಹಾಳೆಗಳನ್ನು ಜೋಡಿಸಿದರೆ ಎರಡು ಮೀಟರ್ ಅಗಲದ ಭೂಪಟ. ಅದರ ಗುಟ್ಟು ಏನು? ಗ್ಲೋಬಿನ ಮೇಲೆ ರೇಖಾಂಶಗಳು ಧ್ರುವದ ಕಡೆ ಹೋದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. 60 ಡಿಗ್ರಿ ಅಕ್ಷಾಂಶದ ವೃತ್ತದ ಸುತ್ತಳತೆ ಸಮಭಾಜಕ ವೃತ್ತದ ಅರ್ಧದಷ್ಟು ಮಾತ್ರ. ಆಯತಾಕಾರದ ಭೂಪಟದಲ್ಲಿ ರೇಖಾಂಶಗಳನ್ನು ಉದ್ದಕ್ಕೂ ಸಮಾಂತರವಾಗಿ ಎಳೆದಾಗ, ಆ ಅರ್ಧವನ್ನು ಹಿಗ್ಗಿಸಿ ಪೂರ್ತಿ ಅಗಲಕ್ಕೆ ಹರಡಿದಂತಾಯಿತು. ಅಂದರೆ ಪೂರ್ವ-ಪಶ್ಚಿಮವಾಗಿ ಎರಡು ಪಟ್ಟು ಹಿಗ್ಗು. ಅಷ್ಟಕ್ಕೇ ಬಿಟ್ಟರೆ ದಿಕ್ಕು ಕೆಡುತ್ತದೆ. ಈಶಾನ್ಯವು ಈಶಾನ್ಯವಾಗಿ ಉಳಿಯುವುದಿಲ್ಲ. ಹಾಗಾಗಿ ಮರ್ಕೇಟರ್ ಉತ್ತರ-ದಕ್ಷಿಣವನ್ನೂ ಅಷ್ಟೇ ಪಟ್ಟು ಹಿಗ್ಗಿಸಿದ. ಈಗ ಕೋನಗಳು ಸರಿಯಾದವು, ಗೋಳದ ಮೇಲೆ ಸುತ್ತಿಕೊಂಡಿದ್ದ ಹಡಗಿನ ದಾರಿಗಳು ಸರಳರೇಖೆಗಳಾದವು. ಆದರೆ ಎರಡು ಎರಡಲೇ ನಾಲ್ಕು: 60 ಡಿಗ್ರಿಯಲ್ಲಿ ವಿಸ್ತೀರ್ಣ ನಾಲ್ಕು ಪಟ್ಟು ಉಬ್ಬಿತು. ಧ್ರುವದಲ್ಲಂತೂ ಹಿಗ್ಗು ಅನಂತ, ಅದನ್ನು ಬರೆಯಲಿಕ್ಕೇ ಬಾರದು.

ಇದನ್ನು ಅವನು ಮುಚ್ಚಿಟ್ಟನೇ? ಇಲ್ಲ. ನಾವಿಕರ ಬಳಕೆಗೆಂದು ಹೊಂದಿಸಿದ್ದು ಎಂದು ಭೂಪಟದ ಹೆಸರಿನಲ್ಲೇ ಇದೆ. ಮೈತುಂಬ ಲ್ಯಾಟಿನ್ ವಿವರಣೆಗಳಿವೆ. ಅಕ್ಷಾಂಶಗಳ ಅಂತರವನ್ನು ಏಕೆ ಹಿಗ್ಗಿಸಿದೆ ಎಂದು ಒಂದು ಕಡೆ ಹೇಳಿದ್ದಾನೆ. ಈ ನಕ್ಷೆಯಲ್ಲಿ ಎರಡು ಊರುಗಳ ನಡುವಿನ ದೂರವನ್ನು ಅಳೆಯುವುದು ಹೇಗೆ ಎಂಬ ಪಾಠ ಇನ್ನೊಂದು ಕಡೆ. ಧ್ರುವ ಇದರಲ್ಲಿ ಹಿಡಿಯದೆಂದು ತಿಳಿಸಿ, ಅದಕ್ಕೆ ಮೂಲೆಯಲ್ಲಿ ಬೇರೆಯೇ ದುಂಡು ನಕ್ಷೆ ಬರೆದಿದ್ದಾನೆ. ಆ ದುಂಡು ನಕ್ಷೆಯಲ್ಲಿ ನಿಜವಾದ ತಪ್ಪೂ ಇದೆ: ಕೇಳಿದ ಕತೆಗಳನ್ನು ನಂಬಿ, ಧ್ರುವದಲ್ಲಿ ಒಂದು ಕಪ್ಪು ಬಂಡೆ, ಸುತ್ತ ನಾಲ್ಕು ದ್ವೀಪಗಳನ್ನು ಚಿತ್ರಿಸಿದ. ಬಯ್ಯುವುದಾದರೆ ಇದಕ್ಕೆ ಬಯ್ಯಬಹುದು. ಗ್ರೀನ್‌ಲ್ಯಾಂಡಿನ ಗಾತ್ರಕ್ಕಲ್ಲ.

ನಾವಿಕರು ಈ ಭೂಪಟವನ್ನು ಕೂಡಲೇ ಕೈಗೆತ್ತಿಕೊಳ್ಳಲೂ ಇಲ್ಲ. ಇಂಗ್ಲೆಂಡಿನ ಎಡ್ವರ್ಡ್ ರೈಟ್ 1599ರಲ್ಲಿ ಲೆಕ್ಕದ ಕೋಷ್ಟಕ ಕೊಟ್ಟ ಮೇಲೆ ಗಣಿತ ಸ್ಪಷ್ಟವಾಯಿತು; ಕಡಲಿನಲ್ಲಿ ರೇಖಾಂಶ ಕಂಡುಹಿಡಿಯುವ ಬಗೆ ಬಂದದ್ದು 18ನೇ ಶತಮಾನದಲ್ಲಿ. ಮರ್ಕೇಟರ್ 1594ರ ಡಿಸೆಂಬರ್ 2ರಂದೇ ತೀರಿಕೊಂಡಿದ್ದ. ಮರುವರ್ಷ ಇನ್ನೊಬ್ಬ ಮಗ ರೂಮೊಲ್ಡ್ ತಂದೆಯ ನಕ್ಷೆಗಳ ಪುಸ್ತಕವನ್ನು ಪೂರ್ತಿ ಮಾಡಿ ಹೊರತಂದ. ನಾವು ಶಾಲೆಗೆ ಒಯ್ಯುವ ಅಟ್ಲಾಸ್‌ಗೆ ಆ ಹೆಸರು ಬಂದದ್ದು ಅದರಿಂದಲೇ. ಹೆಗಲ ಮೇಲೆ ಆಕಾಶ ಹೊತ್ತ ದೈತ್ಯನ ಹೆಸರು ಅದು ಎನ್ನುವುದೂ ತಪ್ಪು ನಂಬಿಕೆ. ಮರ್ಕೇಟರ್ ಮನಸ್ಸಿನಲ್ಲಿದ್ದದ್ದು ನಕ್ಷತ್ರಗಳನ್ನು ಬಲ್ಲವನೆಂದು ಪುರಾಣಗಳು ಹೇಳುವ ಅಟ್ಲಾಸ್ ಎಂಬ ರಾಜ.

ಹಾಗಾದರೆ ಎಡವಟ್ಟು ಎಲ್ಲಿ? ಹಡಗಿನ ಕೋಣೆಯ ಮೇಜಿಗೆಂದು ಮಾಡಿದ ನಕ್ಷೆ ಮುಂದಿನ ಕಾಲದಲ್ಲಿ ತರಗತಿಯ ಗೋಡೆಗೆ ಬಂತು, ಆ ವಿವರಣೆಗಳು ಮಾತ್ರ ಬರಲಿಲ್ಲ. ಇಂದು ಅನೇಕ ಮೊಬೈಲ್ ನಕ್ಷೆಗಳೂ ಇದೇ ಪ್ರಕ್ಷೇಪದ ಒಂದು ರೂಪವನ್ನು ಬಳಸುತ್ತವೆ. ಬೀದಿ ಹುಡುಕಲು ಅದು ಸರಿಯೇ, ಏಕೆಂದರೆ ತಿರುವುಗಳ ಕೋನ ಕೆಡುವುದಿಲ್ಲ. ದೇಶಗಳ ಗಾತ್ರ ಹೋಲಿಸಲು ಮಾತ್ರ ಅದನ್ನು ನಂಬುವಂತಿಲ್ಲ. 1973ರಲ್ಲಿ ಆರ್ನೋ ಪೀಟರ್ಸ್ ಪ್ರಚಾರ ಮಾಡಿದ ಭೂಪಟದಲ್ಲಿ ವಿಸ್ತೀರ್ಣಗಳು ಸರಿಯಾಗಿವೆ, ಆದರೆ ಆಕಾರಗಳು ಒದ್ದೆ ಬಟ್ಟೆ ಒಣಹಾಕಿದಂತೆ ಜೋಲುತ್ತವೆ. ಒಂದು ಸರಿಪಡಿಸಿದರೆ ಇನ್ನೊಂದು ಕೆಡುತ್ತದೆ. ಎಲ್ಲವೂ ಸರಿಯಿರುವುದು ಗ್ಲೋಬಿನಲ್ಲಷ್ಟೇ.

ತರಗತಿಯಲ್ಲಿ ಇದನ್ನು ತೋರಿಸಲು ಒಂದು ಗ್ಲೋಬ್, ಒಂದು ಭೂಪಟ, ಒಂದು ದಾರ ಸಾಕು. ಮೊದಲು ಐಸ್‌ಲ್ಯಾಂಡನ್ನು ಕರ್ನಾಟಕದೊಂದಿಗೆ ಹೋಲಿಸಿ. ಐಸ್‌ಲ್ಯಾಂಡ್ 1.03 ಲಕ್ಷ ಚದರ ಕಿಲೋಮೀಟರ್, ಕರ್ನಾಟಕ 1.92 ಲಕ್ಷ. ಆದರೂ ಮರ್ಕೇಟರ್ ಭೂಪಟದಲ್ಲಿ ಐಸ್‌ಲ್ಯಾಂಡೇ ಕರ್ನಾಟಕದ ಸುಮಾರು ಎರಡೂಮುಕ್ಕಾಲು ಪಟ್ಟು ಕಾಣುತ್ತದೆ. ಆಮೇಲೆ ಮಕ್ಕಳು ಭೂಪಟದ ಮೇಲೆ ಬೆಂಗಳೂರಿನಿಂದ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋಗೆ ಸ್ಕೇಲಿಟ್ಟು ಗೆರೆ ಎಳೆಯಲಿ, ಅದು ಸಾಗರ ದಾಟಿ ಅಡ್ಡಡ್ಡ ಹೋಗುತ್ತದೆ. ನಂತರ ಗ್ಲೋಬಿನ ಮೇಲೆ ಅದೇ ಎರಡು ಊರುಗಳ ನಡುವೆ ದಾರವನ್ನು ಬಿಗಿಯಾಗಿ ಎಳೆದು ಹಿಡಿಯಲಿ. ದಾರ ಮೇಲಕ್ಕೆ ಜಾರಿ ಬಹಳ ಉತ್ತರಕ್ಕೆ ಹೋಗಿ ನಿಲ್ಲುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳು ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ವಿಮಾನ ತಂದದ್ದು ಉತ್ತರ ಧ್ರುವ ಪ್ರದೇಶದ ಮೇಲಿನ ದಾರಿಯಲ್ಲಿ.