ಬಾಟಲಿ ತೊಳೆಯುತ್ತಿದ್ದ ವಿಜ್ಞಾನಿ: ಕ್ಯಾಲ್ವಿನ್ ಬ್ರಿಡ್ಜಸ್

ನಮ್ಮ ಸಂಘದಲ್ಲಿ ಓದಿನ ಜೊತೆಗೆ ಕ್ಯಾಂಟೀನಿನಲ್ಲೋ ಲ್ಯಾಬಿನಲ್ಲೋ ತೊಳೆಯೋ ಕೆಲಸ ಮಾಡದವರು ಕಡಿಮೆ. ಬಯಾಲಜಿ ಓದುವ ನಮಗೆ ಆಗೆಲ್ಲ ನೆನಪಾಗೋ ಹೆಸರು ಕ್ಯಾಲ್ವಿನ್ ಬ್ರಿಡ್ಜಸ್. ಅವರೂ ಶುರು ಮಾಡಿದ್ದು ಬಾಟಲಿ ತೊಳೆಯೋದರಿಂದಲೇ.

ಬ್ರಿಡ್ಜಸ್ ಹುಟ್ಟಿದ್ದು 1889ರಲ್ಲಿ, ನ್ಯೂಯಾರ್ಕ್ ರಾಜ್ಯದ ಒಂದು ಹಳ್ಳಿಯಲ್ಲಿ. ಎಳವೆಯಲ್ಲೇ ತಾಯಿ, ತಂದೆ ಇಬ್ಬರೂ ತೀರಿಕೊಂಡರು. ಸಾಕಿದ್ದು ಅಜ್ಜಿ. ಹೈಸ್ಕೂಲು ಮುಗಿಸುವ ಹೊತ್ತಿಗೆ ವಯಸ್ಸು 20. 1909ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಖರ್ಚಿಗೆ ಕೆಲಸ ಬೇಕಿತ್ತು. ಪ್ರೊಫೆಸರ್ ಥಾಮಸ್ ಹಂಟ್ ಮಾರ್ಗನ್ ಅವರ ಲ್ಯಾಬಿನಲ್ಲಿ ಹಣ್ಣಿನ ನೊಣ ಸಾಕುವ ಬಾಟಲಿಗಳನ್ನು ತೊಳೆಯೋ ಕೆಲಸ ಸಿಕ್ಕಿತು. ಒಂದು ದಿನ ಬಾಟಲಿಯ ದಪ್ಪ ಗಾಜಿನ ಆಚೆ, ಕೆಂಪು ಕಣ್ಣಿನ ನೊಣಗಳ ನಡುವೆ ಸಿಂಧೂರ ಬಣ್ಣದ ಕಣ್ಣಿನ ಒಂದು ನೊಣ ಅವರಿಗೆ ಕಂಡಿತು. ಬರಿಗಣ್ಣಿಗೇ! ಅಲ್ಲಿಂದ ಅವರಿಗೆ ಸಂಶೋಧನೆಯ ಬಾಗಿಲು ತೆರೆಯಿತು.

ಆಗ ಜೀನ್‌ಗಳು ಕ್ರೋಮೋಸೋಮ್ ಮೇಲಿವೆ ಅನ್ನೋದನ್ನು ನಂಬದವರು ಬಹಳ ಮಂದಿ. ಬಿಳಿ ಕಣ್ಣಿನ ಹೆಣ್ಣು ನೊಣವನ್ನು ಕೆಂಪು ಕಣ್ಣಿನ ಗಂಡಿನ ಜೊತೆ ಕೂಡಿಸಿದರೆ ಹೆಣ್ಣುಮರಿಗಳೆಲ್ಲ ಕೆಂಪು ಕಣ್ಣಿನವು, ಗಂಡುಮರಿಗಳೆಲ್ಲ ಬಿಳಿ ಕಣ್ಣಿನವು ಆಗಬೇಕು. ಆದರೆ ಸುಮಾರು ಎರಡು ಸಾವಿರಕ್ಕೊಂದು ಮರಿ ತಿರುಗಾಮುರುಗಾ ಹುಟ್ಟುತ್ತಿತ್ತು. ಲೆಕ್ಕಕ್ಕೆ ಸಿಗದ ಆ ಮರಿಯನ್ನು ಬ್ರಿಡ್ಜಸ್ ಬಿಸಾಡಲಿಲ್ಲ.

ತಪ್ಪು ಆಗಿರೋದು ತಾಯಿಯ ಅಂಡಾಣುವಿನಲ್ಲಿ ಅಂತ ಅವರು ಊಹಿಸಿದರು. ಅಂಡಾಣು ತಯಾರಾಗುವಾಗ ಜೋಡಿ ಎಕ್ಸ್ ಕ್ರೋಮೋಸೋಮ್‌ಗಳು ಬೇರೆಯಾಗಿ, ಮೊಟ್ಟೆಯಲ್ಲಿ ಒಂದು ಮಾತ್ರ ಉಳಿಯಬೇಕು. ಅಪರೂಪಕ್ಕೆ ಅವು ಬೇರೆಯಾಗೋದೇ ಇಲ್ಲ. ಆಗ ಮೊಟ್ಟೆಯಲ್ಲಿ ಎರಡೂ ಇರುತ್ತವೆ, ಇಲ್ಲವೇ ಒಂದೂ ಇರೋದಿಲ್ಲ. ಎರಡು ಎಕ್ಸ್ ಇರುವ ಮೊಟ್ಟೆಗೆ ತಂದೆಯ ವೈ ಸೇರಿದರೆ ಬಿಳಿ ಕಣ್ಣಿನ ಹೆಣ್ಣು. ಎಕ್ಸ್ ಇಲ್ಲದ ಮೊಟ್ಟೆಗೆ ತಂದೆಯ ಎಕ್ಸ್ ಸೇರಿದರೆ ಕೆಂಪು ಕಣ್ಣಿನ, ಸಂತಾನವಾಗದ ಗಂಡು. ಇದು ನಿಜವಾದರೆ ಆ ಬಿಳಿ ಕಣ್ಣಿನ ಹೆಣ್ಣುಗಳಲ್ಲಿ ಎಕ್ಸ್, ಎಕ್ಸ್, ವೈ ಮೂರೂ ಕಾಣಬೇಕಲ್ಲ? ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೂರೂ ಇದ್ದವು! ಕಣ್ಣಿನ ಬಣ್ಣದ ಜೀನ್ ಎಕ್ಸ್ ಮೇಲೇ ಇದೆ ಅನ್ನೋದಕ್ಕೆ ಅದು ಗಟ್ಟಿ ಸಾಕ್ಷಿಯಾಯಿತು. 1916ರಲ್ಲಿ ಜೆನೆಟಿಕ್ಸ್ ಪತ್ರಿಕೆಯ ಮೊದಲ ಸಂಪುಟದ ಮೊದಲ ಲೇಖನವೇ ಇದು. ಅವರ ಪಿಎಚ್‌ಡಿಯೂ ಇದಕ್ಕೇ.

1928ರಲ್ಲಿ ಮಾರ್ಗನ್ ಜೊತೆ ಕ್ಯಾಲ್‌ಟೆಕ್‌ಗೆ ಹೋದರು. 1933ರ ನೊಬೆಲ್ ಬಂದದ್ದು ಮಾರ್ಗನ್ ಒಬ್ಬರಿಗೇ. ಆದರೆ ಆ ಹಣದಲ್ಲಿ ಮಾರ್ಗನ್ ಅವರು ಬ್ರಿಡ್ಜಸ್ ಮತ್ತು ಸ್ಟರ್ಟೆವಂಟ್ ಅವರ ಮಕ್ಕಳಿಗೂ ಪಾಲು ಕೊಟ್ಟರು. 1935ರಲ್ಲಿ ಬ್ರಿಡ್ಜಸ್ ನೊಣದ ಮರಿಹುಳುವಿನ ಜೊಲ್ಲುಗ್ರಂಥಿಯ ದೈತ್ಯ ಕ್ರೋಮೋಸೋಮ್‌ಗಳ ಪಟ್ಟೆ ಪಟ್ಟೆಯನ್ನೂ ಎಣಿಸಿ ನಕ್ಷೆ ಬರೆದರು. ನೊಣದ ಲ್ಯಾಬುಗಳು ಆ ನಂಬರುಗಳನ್ನು ಇಂದಿಗೂ ಬಳಸುತ್ತವೆ. 1938ರ ಡಿಸೆಂಬರಿನಲ್ಲಿ ಅವರು ತೀರಿಕೊಂಡಾಗ ವಯಸ್ಸು ಬರೀ 49.

1959ರಲ್ಲಿ ಡೌನ್ ಸಿಂಡ್ರೋಮ್‌ಗೆ ಕಾರಣ ಒಂದು ಹೆಚ್ಚುವರಿ ಕ್ರೋಮೋಸೋಮ್ ಅಂತ ತಿಳಿದುಬಂತು. ಬಹುಪಾಲು ಅಲ್ಲಿಯೂ ಆಗೋದು ಅಂಡಾಣುವಿನ ಅದೇ ತಪ್ಪು, ಬೇರೆಯಾಗಬೇಕಾದ ಜೋಡಿ ಬೇರೆಯಾಗದೇ ಉಳಿಯೋದು. ಅದನ್ನು ನೋಡಲು ಬ್ರಿಡ್ಜಸ್ ಇರಲಿಲ್ಲ. ನಾವು ಮಾತ್ರ ಈಗ ಬಾಟಲಿ ತೊಳೆಯೋ ಮುಂಚೆ ಒಂದ್ಸಲ ಒಳಗೆ ಇಣುಕಿ ನೋಡ್ತೀವಿ.