ಎರಡು ಧ್ವನಿವರ್ಧಕಗಳ ನಡುವೆ ವೇದಿಕೆ ಕಟ್ಟಿದ ಬ್ಲೂಮ್‌ಲೈನ್

ಹಳೆಯ ಕಾಲದ ಸ್ಟೀರಿಯೊ ಧ್ವನಿವರ್ಧಕಗಳ ಜೋಡಿಯೊಂದು ಮನೆಗೆ ಬಂದರೆ ಮೊದಲು ಏಳುವ ಪ್ರಶ್ನೆ ಅವುಗಳನ್ನು ಎಲ್ಲಿಡಬೇಕೆಂಬುದು. ಒಂದನ್ನು ಟಿ.ವಿ. ಮೇಜಿನ ಪಕ್ಕಕ್ಕೆ ತಳ್ಳಿ, ಇನ್ನೊಂದನ್ನು ಪುಸ್ತಕದ ಕಪಾಟಿನ ಮೇಲಕ್ಕೇರಿಸಿ, ಎರಡರಿಂದಲೂ ಸದ್ದು ಬರುತ್ತಿದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು. ಹಾಗೆ ಇಟ್ಟಾಗ ಕಳೆದುಹೋಗುವುದೇನು ಎಂಬುದನ್ನು ತಿಳಿಯಬೇಕಾದರೆ, 1931ರಲ್ಲಿ ಲಂಡನ್ನಿನ ಎಂಜಿನಿಯರೊಬ್ಬ ಸಲ್ಲಿಸಿದ ಪೇಟೆಂಟ್ ಅರ್ಜಿಯತ್ತ ಹೊರಳಬೇಕು. ಆತನ ಹೆಸರು ಅಲನ್ ಡೌವರ್ ಬ್ಲೂಮ್‌ಲೈನ್. ಸ್ಟೀರಿಯೊ ಧ್ವನಿಯ ಜನಕರಲ್ಲಿ ಅಗ್ರಗಣ್ಯನೆಂದು ಇಂದು ಗುರುತಿಸಲಾಗುವ ಈತ, ತನ್ನ ಕಲ್ಪನೆಯ ತಟ್ಟೆಗಳು ಮಾರುಕಟ್ಟೆಗೆ ಬರುವ 16 ವರ್ಷ ಮೊದಲೇ, ಕೇವಲ 38ನೇ ವಯಸ್ಸಿನಲ್ಲಿ ವಿಮಾನ ದುರಂತಕ್ಕೆ ಬಲಿಯಾದ.

ಬ್ಲೂಮ್‌ಲೈನ್ ಜನಿಸಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಸೆಮ್ಮಿ ಜರ್ಮನಿಯಲ್ಲಿ ಹುಟ್ಟಿ ಬ್ರಿಟಿಷ್ ಪೌರತ್ವ ಪಡೆದವರು. ತಾಯಿ ಜೆಸ್ಸಿ, ದಕ್ಷಿಣ ಆಫ್ರಿಕಕ್ಕೆ ಹೋಗಿದ್ದ ಸ್ಕಾಟಿಷ್ ಪಾದ್ರಿಯೊಬ್ಬರ ಮಗಳು. ಏಳನೆಯ ವಯಸ್ಸಿನಲ್ಲಿ ಮನೆಯ ಕರೆಗಂಟೆಯನ್ನು ರಿಪೇರಿ ಮಾಡಿ, ತನ್ನ ಹೆಸರಿನ ಮುಂದೆ ಎಲೆಕ್ಟ್ರಿಕಲ್ ಎಂಜಿನಿಯರ್ ಎಂದು ಬರೆದುಕೊಂಡು, ತಂದೆಗೇ ಬಿಲ್ಲು ಕೊಟ್ಟ ಪೋರನೀತ. ಆದರೆ ಓದು ಬರಹ ಅಷ್ಟು ಸುಲಭಕ್ಕೆ ಒಲಿಯಲಿಲ್ಲ. ಹನ್ನೆರಡು ವರ್ಷವಾದರೂ ಸರಾಗವಾಗಿ ಓದಲು ಬರುತ್ತಿರಲಿಲ್ಲವೆಂದು ಮನೆಯವರು ನೆನಪಿಸಿಕೊಂಡಿದ್ದಾರೆ. ಬೀಜಗಣಿತ ಮಾತ್ರ ಅಷ್ಟರಲ್ಲಿ ಕರತಲಾಮಲಕವಾಗಿತ್ತು. ಹೈಗೇಟ್ ಶಾಲೆಯಿಂದ ವಿದ್ಯಾರ್ಥಿವೇತನದೊಂದಿಗೆ ಸಿಟಿ ಅಂಡ್ ಗಿಲ್ಡ್ಸ್ ಕಾಲೇಜು ಸೇರಿದವನು ನೇರವಾಗಿ ಎರಡನೇ ವರ್ಷದ ತರಗತಿಗೇ ಪ್ರವೇಶ ಪಡೆದು, 1923ರಲ್ಲಿ ಪ್ರಥಮ ದರ್ಜೆಯ ಪದವಿಯೊಂದಿಗೆ ಹೊರಬಂದ.

1924ರಲ್ಲಿ ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿ ದೊರೆತದ್ದು ದೂರವಾಣಿ ತಂತಿಗಳ ಕೆಲಸ. ಒಂದು ತಂತಿಯ ಸಂಭಾಷಣೆ ಪಕ್ಕದ ತಂತಿಗೆ ಸೋರಿ ಕೇಳಿಸುವ ತೊಂದರೆಯನ್ನು ತಗ್ಗಿಸುವ ಸುರುಳಿಗಳನ್ನು ಆತ ರೂಪಿಸಿದ. ಒಂದು ಸಂಕೇತ ಇನ್ನೊಂದರೊಡನೆ ಬೆರೆಯದಂತೆ ಕಾಯುವ ಈ ಅಭ್ಯಾಸ ಮುಂದೆ ಧ್ವನಿಮುದ್ರಣದಲ್ಲಿ ಬಹಳ ಉಪಯೋಗಕ್ಕೆ ಬಂದಿತೆನ್ನಬೇಕು.

1929ರ ಮಾರ್ಚ್‌ನಲ್ಲಿ ಬ್ಲೂಮ್‌ಲೈನ್ ಕೊಲಂಬಿಯಾ ಗ್ರಾಫೊಫೋನ್ ಕಂಪನಿಗೆ ಬಂದ. ಆಗ ವಿದ್ಯುತ್ ವಿಧಾನದಿಂದ ಗ್ರಾಮಫೋನ್ ತಟ್ಟೆ ಕೊರೆಯಬೇಕಾದರೆ ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್‌ನ ಪೇಟೆಂಟ್‌ಗಳಿಗೆ ರಾಯಧನ ತೆರಬೇಕಿತ್ತು. ಆ ಪೇಟೆಂಟ್‌ಗಳನ್ನು ಮುಟ್ಟದೆ ಬೇರೊಂದು ದಾರಿ ಹುಡುಕುವಂತೆ ಆತನ ಮೇಲಧಿಕಾರಿ ಐಸಾಕ್ ಶೋನ್‌ಬರ್ಗ್ ಸೂಚಿಸಿದ್ದರು. ಬ್ಲೂಮ್‌ಲೈನ್ ಸಹೋದ್ಯೋಗಿಗಳೊಂದಿಗೆ ಚಲಿಸುವ ಸುರುಳಿಯ ಹೊಸ ಕೊರೆಯುವ ಯಂತ್ರವನ್ನೇ ಸಿದ್ಧಪಡಿಸಿ, ಕಂಪನಿಯನ್ನು ರಾಯಧನದ ಹೊರೆಯಿಂದ ಪಾರುಮಾಡಿದ. 1931ರಲ್ಲಿ ಕೊಲಂಬಿಯಾ ಮತ್ತು ಎಚ್‌ಎಂವಿ ಮುದ್ರೆಯ ಒಡೆತನ ಹೊಂದಿದ್ದ ಗ್ರಾಮಫೋನ್ ಕಂಪನಿಗಳು ವಿಲೀನಗೊಂಡು ಇಎಂಐ ಹುಟ್ಟಿಕೊಂಡಿತು. ಕನ್ನಡ ಚಿತ್ರಗೀತೆಗಳ ತಟ್ಟೆಗಳ ಮೇಲೆ ಕಹಳೆಯೆದುರು ಕಿವಿಗೊಟ್ಟು ಕುಳಿತ ನಾಯಿಯ ಚಿತ್ರವನ್ನು ಕಂಡವರಿಗೆ ಈ ಮನೆತನದ ಪರಿಚಯ ಬೇಕಾಗಿಲ್ಲ.

ಚಿತ್ರಮಂದಿರದಲ್ಲಿ ಹೊಳೆದ ಉಪಾಯ

ಅದೇ 1931ರ ಆರಂಭ. ಮುಂದೆ ತನ್ನ ಪತ್ನಿಯಾಗಲಿದ್ದ ಡೊರೀನ್ ಲೇನ್ ಜೊತೆ ಬ್ಲೂಮ್‌ಲೈನ್ ಸಿನಿಮಾ ನೋಡಲು ಹೋಗಿದ್ದ. ವಾಕ್ಚಿತ್ರಗಳು ಬಂದು ಕೆಲವೇ ವರ್ಷಗಳಾಗಿದ್ದವು. ನಟ ಪರದೆಯ ಎಡತುದಿಯಿಂದ ಬಲತುದಿಗೆ ನಡೆದರೂ ಆತನ ಮಾತು ಮಾತ್ರ ಇದ್ದಲ್ಲಿಂದಲೇ ಬರುತ್ತಿತ್ತು. ಈ ವಿಚಿತ್ರವನ್ನು ಡೊರೀನ್ ಗಮನಕ್ಕೆ ತಂದ ಬ್ಲೂಮ್‌ಲೈನ್, ಧ್ವನಿಯು ನಟನನ್ನೇ ಹಿಂಬಾಲಿಸುವಂತೆ ಮಾಡುವ ಉಪಾಯ ತನಗೆ ಗೊತ್ತಿದೆ ಎಂದನಂತೆ. ಅದು ಬರಿಯ ಬಡಾಯಿಯಾಗಿರಲಿಲ್ಲ. ಡಿಸೆಂಬರ್ 14ರಂದು ಸಲ್ಲಿಕೆಯಾದ ಅರ್ಜಿ 1933ರ ಜೂನ್ 14ರಂದು 394325 ಸಂಖ್ಯೆಯ ಬ್ರಿಟಿಷ್ ಪೇಟೆಂಟ್ ಆಗಿ ಅಂಗೀಕಾರವಾಯಿತು. ಅದರಲ್ಲಿದ್ದ ಹಕ್ಕುಗಳು ಒಂದೆರಡಲ್ಲ, ಎಪ್ಪತ್ತು.

ಅಟ್ಲಾಂಟಿಕ್‌ನ ಆಚೆ ದಡದಲ್ಲಿಯೂ ಇದೇ ಚಿಂತನೆ ನಡೆದಿತ್ತು. ಬೆಲ್ ಪ್ರಯೋಗಾಲಯದ ಹಾರ್ವೆ ಫ್ಲೆಚರ್ ತಂಡ 1933ರ ಏಪ್ರಿಲ್‌ನಲ್ಲಿ ಫಿಲಡೆಲ್ಫಿಯಾದ ವಾದ್ಯಮೇಳವನ್ನು ಮೂರು ವಾಹಿನಿಗಳ ಮೂಲಕ ವಾಷಿಂಗ್ಟನ್ನಿಗೆ ಕೇಳಿಸಿತು. ವೇದಿಕೆಯುದ್ದಕ್ಕೂ ಮೈಕ್ರೊಫೋನ್‌ಗಳ ಸಾಲು, ಇತ್ತ ಅಷ್ಟೇ ಧ್ವನಿವರ್ಧಕಗಳ ಸಾಲು ಎಂಬುದು ಅವರ ಮೂಲ ಕಲ್ಪನೆ. ಮೂರಕ್ಕೆ ಇಳಿಸಿದ್ದು ಅನುಕೂಲಕ್ಕಾಗಿ. ಬ್ಲೂಮ್‌ಲೈನ್ ಮಾತ್ರ ಆರಂಭದಿಂದಲೂ ಎರಡಕ್ಕೇ ಅಂಟಿಕೊಂಡ, ಏಕೆಂದರೆ ಆತ ಲೆಕ್ಕ ಶುರುಮಾಡಿದ್ದು ಮನುಷ್ಯನ ಕಿವಿಯಿಂದ.

ಎಡಗಡೆಯಿಂದ ಬಂದ ಸದ್ದು ಎಡಗಿವಿಯನ್ನು ಮೊದಲು ತಲುಪುತ್ತದೆ. ತಲೆಯನ್ನು ಬಳಸಿ ಬಲಗಿವಿ ಸೇರಲು ಹೆಚ್ಚೆಂದರೆ ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಮುಕ್ಕಾಲಿಗಿಂತ ಕಡಿಮೆ ಹೊತ್ತು. ಮಂದ್ರ ಧ್ವನಿಗಳಲ್ಲಿ ಮೆದುಳು ದಿಕ್ಕನ್ನು ಗ್ರಹಿಸುವುದು ಈ ಸಮಯದ ಅಂತರದಿಂದ; ತಾರ ಧ್ವನಿಗಳಿಗೆ ತಲೆಯೇ ಅಡ್ಡವಾಗುವುದರಿಂದ ಅಲ್ಲಿ ಸದ್ದಿನ ಪ್ರಮಾಣದ ವ್ಯತ್ಯಾಸ ನೆರವಾಗುತ್ತದೆ. ಆದರೆ ಕೋಣೆಯಲ್ಲಿ ಎರಡು ಧ್ವನಿವರ್ಧಕಗಳಿದ್ದಾಗ ಎರಡೂ ಕಿವಿಗಳು ಎರಡನ್ನೂ ಕೇಳುತ್ತವೆ. ಇದನ್ನು ತೊಡಕೆಂದು ಕೈಬಿಡುವ ಬದಲು ಬ್ಲೂಮ್‌ಲೈನ್ ಸಾಧನವನ್ನಾಗಿ ಮಾಡಿಕೊಂಡ. ಎರಡು ಧ್ವನಿವರ್ಧಕಗಳಿಂದ ಒಂದೇ ಕ್ಷಣದಲ್ಲಿ ಒಂದೇ ಧ್ವನಿ ಹೊರಟು, ಎಡದ್ದು ತುಸು ಜೋರಾಗಿದ್ದರೆ, ಮಂದ್ರ ಧ್ವನಿಗಳಲ್ಲಿ ಕಿವಿಯ ಬಳಿ ಅವು ಬೆರೆತು ಸಮಯದ ಅಂತರದ ರೂಪವನ್ನೇ ತಾಳುತ್ತವೆ. ಅಂದರೆ, ಬರಿಯ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಿಯೇ ಗಾಯಕನನ್ನು ಎರಡು ಪೆಟ್ಟಿಗೆಗಳ ನಡುವಣ ಖಾಲಿ ಜಾಗದಲ್ಲಿ ಬೇಕಾದೆಡೆ ನಿಲ್ಲಿಸಬಹುದು. ಇದಕ್ಕಾಗಿ ಒಂದೇ ಜಾಗದಲ್ಲಿ ಪರಸ್ಪರ ಅಡ್ಡಲಾಗಿ ಇರಿಸಿದ ಎರಡು ಮೈಕ್ರೊಫೋನ್‌ಗಳ ವಿಧಾನವನ್ನೂ, ಒಂದೇ ಗೆರೆಯ ಎರಡು ಪಕ್ಕಗಳಲ್ಲಿ 45 ಡಿಗ್ರಿ ಓರೆಯಾಗಿ ಎರಡು ಧ್ವನಿಗಳನ್ನು ಕೊರೆಯುವ ತಟ್ಟೆಯನ್ನೂ ಅದೇ ಪೇಟೆಂಟ್‌ನಲ್ಲಿ ವಿವರಿಸಿದ. ಆ ಮೈಕ್ರೊಫೋನ್ ಜೋಡಿಗೆ ಇಂದಿಗೂ ಆತನದೇ ಹೆಸರಿದೆ.

1934ರ ಜನವರಿಯಲ್ಲಿ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಥಾಮಸ್ ಬೀಚಮ್ ಮೊಜಾರ್ಟ್‌ನ ಜುಪಿಟರ್ ಸಿಂಫನಿಯನ್ನು ನುಡಿಸುತ್ತಿದ್ದಾಗ ಬ್ಲೂಮ್‌ಲೈನ್ ತಂಡ ಅದನ್ನು ಸ್ಟೀರಿಯೊದಲ್ಲಿ ಮುದ್ರಿಸಿಕೊಂಡಿತು. ಮರುವರ್ಷ ಹೇಸ್‌ನ ಸಭಾಂಗಣದ ವೇದಿಕೆಯ ಮೇಲೆ ಎಂಜಿನಿಯರ್‌ಗಳು ಮಾತಾಡುತ್ತ ಅತ್ತಿಂದಿತ್ತ ನಡೆದಾಡುವ ಕಿರುಚಿತ್ರವೊಂದು ತಯಾರಾಯಿತು. ಅಭಿನಯದ ಮಟ್ಟಿಗೆ ಅದನ್ನು ಹೊಗಳುವಂತಿಲ್ಲ. ಧ್ವನಿ ಮಾತ್ರ ಅವರ ಹೆಜ್ಜೆಯನ್ನು ತಪ್ಪದೆ ಹಿಂಬಾಲಿಸಿತು. ಆದರೂ ಕಂಪನಿ ಈ ಶೋಧವನ್ನು ಮಾರುಕಟ್ಟೆಗೆ ತರಲಿಲ್ಲ. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಜನರಿಗೆ ಒಂದು ಧ್ವನಿವರ್ಧಕವನ್ನು ಕೊಳ್ಳುವುದೇ ದುಸ್ತರವಾಗಿತ್ತು. ಬ್ಲೂಮ್‌ಲೈನ್‌ನನ್ನು ಟೆಲಿವಿಷನ್ ವಿಭಾಗಕ್ಕೆ ಹಚ್ಚಲಾಯಿತು. 1936ರ ನವೆಂಬರ್ 2ರಂದು ಅಲೆಕ್ಸಾಂಡ್ರಾ ಪ್ಯಾಲೆಸ್‌ನಿಂದ ಬಿಬಿಸಿ ಆರಂಭಿಸಿದ ಪ್ರಸಾರದಲ್ಲಿ ಬಳಕೆಯಾದ 405 ಗೆರೆಗಳ ವ್ಯವಸ್ಥೆಯಲ್ಲಿ ಆತನ ಪಾಲು ದೊಡ್ಡದು. ಒಟ್ಟಾರೆ 128 ಪೇಟೆಂಟ್‌ಗಳು ಆತನ ಹೆಸರಿನಲ್ಲಿವೆ.

ಗೋಪ್ಯತೆಯಲ್ಲಿ ಮುಚ್ಚಿಹೋದ ಸಾವು

ಎರಡನೇ ಮಹಾಯುದ್ಧ ಆರಂಭವಾದೊಡನೆ ಬ್ಲೂಮ್‌ಲೈನ್ ರಾಡಾರ್ ಸಂಶೋಧನೆಗೆ ತಿರುಗಿದ. ಕತ್ತಲಲ್ಲಿಯೂ ಮೋಡದ ಮೇಲಿನಿಂದಲೂ ನೆಲದ ಚಿತ್ರಣ ತೋರಿಸುವ ಎಚ್2ಎಸ್ ರಾಡಾರ್ ಆಗ ಪರೀಕ್ಷೆಯ ಹಂತದಲ್ಲಿತ್ತು. 1942ರ ಜೂನ್ 7ರಂದು ಡೆಫರ್ಡ್ ನೆಲೆಯಿಂದ ಮೇಲೇರಿದ ಹ್ಯಾಲಿಫ್ಯಾಕ್ಸ್ ವಿಮಾನದ ಎಂಜಿನ್ನಿಗೆ ಬೆಂಕಿ ಹೊತ್ತಿಕೊಂಡಿತು. ವೈ ನದಿಯ ಬಳಿ ವೆಲ್ಷ್ ಬಿಕ್ನರ್‌ನಲ್ಲಿ ವಿಮಾನ ನೆಲಕ್ಕಪ್ಪಳಿಸಿ, ಅದರಲ್ಲಿದ್ದ 11 ಮಂದಿಯೂ ಮೃತಪಟ್ಟರು. ಬ್ಲೂಮ್‌ಲೈನ್ ಜೊತೆಗೆ ಇಎಂಐನ ಸೆಸಿಲ್ ಬ್ರೌನ್ ಮತ್ತು ಫ್ರಾಂಕ್ ಬ್ಲೈಥನ್ ಕೂಡ ಅದರಲ್ಲಿದ್ದರು. ಎಂಜಿನ್ ಕವಾಟದ ನಟ್ಟೊಂದನ್ನು ಸರಿಯಾಗಿ ಬಿಗಿಗೊಳಿಸದಿದ್ದುದೇ ಬೆಂಕಿಗೆ ಕಾರಣವೆಂದು ತನಿಖೆಯಲ್ಲಿ ಕಂಡುಬಂತು.

ರಾಡಾರ್ ಸುದ್ದಿ ಶತ್ರುವಿಗೆ ತಿಳಿಯಬಾರದೆಂಬ ಕಾರಣಕ್ಕೆ ದುರಂತದ ವಿವರಗಳನ್ನು ಮುಚ್ಚಿಡಲಾಯಿತು. ದೇಶದ ಅಗ್ರಮಾನ್ಯ ಎಂಜಿನಿಯರ್ ಒಬ್ಬ ಪತ್ನಿಯನ್ನೂ ಇಬ್ಬರು ಗಂಡುಮಕ್ಕಳನ್ನೂ ಅಗಲಿದ್ದು ಹೊರಜಗತ್ತಿಗೆ ತಿಳಿಯಲೇ ಇಲ್ಲ. ಆತ ದುಡಿದ ರಾಡಾರ್ 1943ರ ಜನವರಿಯಲ್ಲಿ ಯುದ್ಧಕ್ಕೆ ಇಳಿಯಿತು. ಬ್ಲೂಮ್‌ಲೈನ್ ಬಗೆಗಿನ ಮೌನ ಮಾತ್ರ ಯುದ್ಧ ಮುಗಿದ ಮೇಲೂ ದಶಕಗಟ್ಟಲೆ ಉಳಿಯಿತು. ಆತನ ಸಮಗ್ರ ಜೀವನಚರಿತ್ರೆ ಪುಸ್ತಕವಾಗಿ ಹೊರಬರಲು 1999ರವರೆಗೆ ಕಾಯಬೇಕಾಯಿತೆಂಬುದು ಖೇದಕರ.

ಮನೆಗೆ ಬಂದ ಜೋಡಿ

1957ರಲ್ಲಿ ಅಮೆರಿಕದ ವೆಸ್ಟ್ರೆಕ್ಸ್ ಕಂಪನಿ 45 ಡಿಗ್ರಿ ಗೆರೆಯ ಸ್ಟೀರಿಯೊ ತಟ್ಟೆಯನ್ನು ಪ್ರದರ್ಶಿಸಿತು. ಮರುವರ್ಷ ಅದು ಮಾರುಕಟ್ಟೆಗೆ ಬಂತು. ಬ್ಲೂಮ್‌ಲೈನ್‌ನ ಪೇಟೆಂಟ್ ಅವಧಿ ಅಷ್ಟರಲ್ಲಿ ಮುಗಿದುಹೋಗಿತ್ತು. ಒಂದೇ ಪೆಟ್ಟಿಗೆಯಿದ್ದ ಮನೆಗಳಲ್ಲಿ ಈಗ ಎರಡು ನಿಂತವು, ಅವುಗಳನ್ನು ನಿಲ್ಲಿಸುವ ಕ್ರಮವನ್ನು ಮಾತ್ರ ಹೆಚ್ಚಿನವರು ಅರಿಯಲಿಲ್ಲ.

ಬ್ಲೂಮ್‌ಲೈನ್‌ನ ಲೆಕ್ಕ ಕೂಡಿಬರಬೇಕಾದರೆ ಎರಡೂ ಧ್ವನಿವರ್ಧಕಗಳ ಸದ್ದು ಕೇಳುಗನನ್ನು ಒಟ್ಟಿಗೇ ತಲುಪಬೇಕು. ಸದ್ದು ಸೆಕೆಂಡಿನ ಸಾವಿರದ ಒಂದು ಭಾಗದಲ್ಲಿ ಕ್ರಮಿಸುವುದು ಸುಮಾರು 34 ಸೆಂಟಿಮೀಟರ್. ಒಂದು ಪೆಟ್ಟಿಗೆಗೆ ಒಂದಡಿ ಹತ್ತಿರ ಕುಳಿತರೂ ಸಾಕು, ಗಾಯಕ ನಡುವಿನಿಂದ ಜಾರಿ ಆ ಪೆಟ್ಟಿಗೆಯೊಳಗೇ ಹೊಕ್ಕುಬಿಡುತ್ತಾನೆ. ಆದ್ದರಿಂದಲೇ ಎರಡು ಪೆಟ್ಟಿಗೆಗಳು ಮತ್ತು ಕೇಳುಗ ಸಮಬಾಹು ತ್ರಿಕೋನದ ಮೂರು ಮೂಲೆಗಳಲ್ಲಿರಬೇಕೆಂಬ ರೂಢಿ ಬೆಳೆಯಿತು. ಪೆಟ್ಟಿಗೆಗಳ ನಡುವೆ ಎರಡು ಮೀಟರ್ ಇದ್ದರೆ ಕೇಳುಗನೂ ಪ್ರತಿಯೊಂದರಿಂದ ಎರಡು ಮೀಟರ್ ದೂರ. ತೀರಾ ಅಗಲಿಸಿದರೆ ನಡುವೆ ಶೂನ್ಯ ಉಂಟಾಗುತ್ತದೆ. ತೀರಾ ಹತ್ತಿರ ತಂದರೆ ವೇದಿಕೆಯೇ ಕುಗ್ಗುತ್ತದೆ. ಒಂದು ಪೆಟ್ಟಿಗೆ ಮೂಲೆಯಲ್ಲಿದ್ದು ಇನ್ನೊಂದು ಬಯಲಲ್ಲಿದ್ದರೆ ಮೂಲೆಯದರ ಮಂದ್ರ ಗೋಡೆಗಳಿಂದ ಉಬ್ಬಿ, ಸಮತೋಲ ಕೆಡುತ್ತದೆ.

ಹಳೆಯ ಪೆಟ್ಟಿಗೆಗಳನ್ನು ತಿರುಗಿಸಿಡುವ ಕೋನವೂ ಅಷ್ಟೇ ಮುಖ್ಯ. ಅಗಲವಾದ ಕಾಗದದ ಶಂಕುವಿನಿಂದ ಹೊರಡುವ ತಾರ ಧ್ವನಿಗಳು ಎಲ್ಲೆಡೆ ಹರಡದೆ ಟಾರ್ಚಿನ ಬೆಳಕಿನಂತೆ ನೇರ ಸಾಗುತ್ತವೆ. 20 ಸೆಂಟಿಮೀಟರ್ ಶಂಕುವಿನಲ್ಲಿ ಸುಮಾರು 1700 ಹರ್ಟ್ಸ್ ದಾಟಿದ ಮೇಲೆ ಈ ಗುಣ ಎದ್ದು ಕಾಣುತ್ತದೆ. ಪೆಟ್ಟಿಗೆಯನ್ನು ಗೋಡೆಗೆ ನೇರವಾಗಿಟ್ಟರೆ ಆ ಧ್ವನಿಗಳು ಕೇಳುಗನನ್ನು ಬಿಟ್ಟು ಪಕ್ಕದಲ್ಲಿ ಹಾದುಹೋಗುತ್ತವೆ. ಆದ್ದರಿಂದ ಒಳಮುಖವಾಗಿ ತುಸುತುಸುವೇ ತಿರುಗಿಸುತ್ತ ಆಲಿಸಬೇಕು. ಮನೆಮಂದಿಯೆಲ್ಲ ಸಾಲಾಗಿ ಕೂರುವುದಾದರೆ ಇನ್ನಷ್ಟು ತಿರುಗಿಸಿ, ಎರಡರ ನೇರಗಳು ಕೇಳುಗರ ಮುಂದೆಯೇ ಪರಸ್ಪರ ದಾಟುವಂತೆ ಮಾಡುವುದು ಲೇಸು. ಆಗ ಬದಿಯಲ್ಲಿ ಕೂತವರಿಗೆ ಹತ್ತಿರದ ಪೆಟ್ಟಿಗೆ ಮುಖ ತಿರುಗಿಸಿರುತ್ತದೆ, ದೂರದ್ದು ಅವರತ್ತ ನೋಡುತ್ತಿರುತ್ತದೆ. ಸಮಯದಲ್ಲಿ ಆದ ನಷ್ಟ ಪ್ರಮಾಣದಲ್ಲಿ ಒಂದಿಷ್ಟು ತುಂಬುತ್ತದೆ.

ಎಲ್ಲ ಹಳೆಯ ಪೆಟ್ಟಿಗೆಗಳಿಗೂ ಒಂದೇ ಮದ್ದು ಸಲ್ಲದು. 1946ರಲ್ಲಿ ಅಮೆರಿಕದ ಪಾಲ್ ಕ್ಲಿಪ್ಷ್ ತಯಾರಿಸತೊಡಗಿದ ಕಹಳೆ ಧ್ವನಿವರ್ಧಕ ಕೋಣೆಯ ಮೂಲೆಯನ್ನೇ ತನ್ನ ಕಹಳೆಯ ಮುಂದುವರಿಕೆಯಾಗಿ ಬಳಸುತ್ತದೆ, ಅದನ್ನು ಮೂಲೆಯಿಂದ ಎಳೆದರೆ ಮಂದ್ರ ಸೊರಗುತ್ತದೆ. ಬ್ರಿಟನ್ನಿನ ಕ್ವಾಡ್ ಕಂಪನಿಯ 1957ರ ಸ್ಥಾಯೀವಿದ್ಯುತ್ ಧ್ವನಿವರ್ಧಕ ಬೆನ್ನಿನಿಂದಲೂ ಸದ್ದು ಹೊಮ್ಮಿಸುವುದರಿಂದ ಗೋಡೆಯಿಂದ ದೂರವೇ ನಿಲ್ಲಬೇಕು. ಪೆಟ್ಟಿಗೆ ಯಾವುದಾದರೂ ಸರಿ, ಮೊದಲು ಒಂದು ಮೊನೊ ತಟ್ಟೆಯನ್ನು ಹಾಕಿ ನೋಡುವುದೊಳ್ಳೆಯದು. ಗಾಯಕನ ಧ್ವನಿ ನಟ್ಟನಡುವಿನಿಂದ ಬರದೆ ದಿಕ್ಕಿಲ್ಲದೆ ಚೆದುರಿದರೆ, ಒಂದು ಪೆಟ್ಟಿಗೆಯ ಎರಡು ತಂತಿಗಳು ಅದಲುಬದಲಾಗಿವೆಯೇ ಎಂದು ಪರೀಕ್ಷಿಸಬೇಕು.

ಬ್ಲೂಮ್‌ಲೈನ್ ವಾಸವಿದ್ದ ಲಂಡನ್ನಿನ ಈಲಿಂಗ್ ಮನೆಯ ಗೋಡೆಯ ಮೇಲೆ 1977ರಲ್ಲಿ ಸ್ಮರಣಫಲಕ ಬಂತು. 2015ರಲ್ಲಿ ಆ್ಯಬಿ ರೋಡ್ ಸ್ಟುಡಿಯೊದಲ್ಲಿ ಎಂಜಿನಿಯರ್‌ಗಳ ಅಂತರರಾಷ್ಟ್ರೀಯ ಸಂಸ್ಥೆ ಐಇಇಇ ಇನ್ನೊಂದು ಫಲಕ ಹಾಕಿತು. 2017ರಲ್ಲಿ ತಾಂತ್ರಿಕ ಸಾಧನೆಯ ಗ್ರ್ಯಾಮಿ ಗೌರವ ಮರಣೋತ್ತರವಾಗಿ ಸಂದಿತು. 1935ರಲ್ಲಿ ಹೇಸ್ ನಿಲ್ದಾಣದ ಬಳಿ ತಂಡ ಚಿತ್ರೀಕರಿಸಿದ ರೈಲುಗಳ ತುಣುಕು ಇಂದಿಗೂ ಉಳಿದಿದೆ. ಉಗಿಬಂಡಿಯ ಸದ್ದು ಅದರಲ್ಲಿ ಪರದೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ಬಂಡಿಯ ಜೊತೆಜೊತೆಗೇ ಸಾಗುತ್ತದೆ.